ಬಾನುಲಿಯ ಒಂದು ದಿನ: ಒಂಟಿಕೊಪ್ಪಲಿನಿಂದ ಹೊರಮಾವಿಗೆ



ಅರಸರ ದಿನಚರಿಯನ್ನು ಚರಿತ್ರಕಾರರು ಬರೆದಿಟ್ಟಿದ್ದಾರೆ; ದಾನದತ್ತಿಗಳ ದಿನವನ್ನು ಶಾಸನಗಳು ಕಾಪಾಡಿವೆ. ಬಾನುಲಿಯ ಒಂದು ದಿನವನ್ನು ಚರಿತ್ರೆಯ ಸಾಮಗ್ರಿಯೆಂದು ಎಣಿಸುವವರು ಮಾತ್ರ ವಿರಳ. ಬೆಳಗ್ಗೆ ಹುಟ್ಟಿ ರಾತ್ರಿ ಗಾಳಿಯಲ್ಲಿ ಕರಗಿಹೋಗುವ ಆ ದಿನ ಯಾರ ಅಳತೆಗೆ ಕತ್ತರಿಸಿದುದು, ಯಾರಿಗೆ ಒಪ್ಪಿತು, ಯಾರಿಗೆ ಒಪ್ಪಲಿಲ್ಲ ಎಂಬುದನ್ನು ಈ ಹೊತ್ತು ವಿಚಾರಿಸೋಣ. ಅದಕ್ಕೆ ನೆಲೆಯಾಗಿ ಬೆಂಗಳೂರಿನ ಪೂರ್ವದಿಕ್ಕಿನ ಹೊರಮಾವನ್ನು ಆರಿಸಿಕೊಂಡಿದ್ದೇವೆ. ಇಂದು ಅದು ಮಹಾನಗರದ ಒಂದು ಭಾಗ. ಕಳೆದ ಶತಮಾನದ ನಡುವಿನಲ್ಲಿ ಅದು ದಂಡಿನ ಎಲ್ಲೆಯಿಂದಾಚೆಗೆ, ಕೃಷ್ಣರಾಜಪುರದ ಸಮೀಪದಲ್ಲಿದ್ದ ಬೇಸಾಯದ ಹಳ್ಳಿ.

ಕಥೆ ಮೊದಲಾಗುವುದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಪ್ರೇಷಕಯಂತ್ರದ ಶಕ್ತಿ ೩೦ ವಾಟ್, ಅಂದರೆ ಆ ಕಾಲದ ಒಂದು ಸಾಧಾರಣ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಮೊದಲ ಪ್ರಸಾರದಲ್ಲಿ ಕುವೆಂಪು ಅವರು ತಮ್ಮ ಕವಿತೆಯನ್ನು ಓದಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಸಂದಿತು. ಆದರೆ ಆ ಸಣ್ಣ ಯಂತ್ರದ ದನಿ, ನೇರವಾಗಿ ಅಳೆದರೂ ಸುಮಾರು ೧೪೦ ಕಿಲೋಮೀಟರು ದೂರವಿರುವ ಹೊರಮಾವಿಗೆ ಮುಟ್ಟುವ ಭರವಸೆಯಿರಲಿಲ್ಲ.

ದನಿ ದೊಡ್ಡದಾಗಬೇಕಾದರೆ ಒಡೆಯನೂ ದೊಡ್ಡವನಾಗಬೇಕಾಯಿತು. ೧೯೪೨ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. ೧೯೫೦ನೆಯ ಏಪ್ರಿಲ್ ೧ರಂದು ಅದು ಅಖಿಲ ಭಾರತದ ಬಾನುಲಿಯಲ್ಲಿ ಸೇರಿತು. ೧೯೫೫ನೆಯ ನವೆಂಬರ್ ೨ರಂದು ಪ್ರಸಾರವು ಬೆಂಗಳೂರಿಗೆ ಬಂದಿತು. ಹೀಗೆ ಒಬ್ಬ ಗೃಹಸ್ಥರ ಮನೆಯದಾಗಿದ್ದುದು ಇಪ್ಪತ್ತು ವರ್ಷಗಳಲ್ಲಿ ಸಂಸ್ಥಾನದ್ದಾಗಿ, ಬಳಿಕ ರಾಷ್ಟ್ರದ್ದಾಯಿತು.

ಈಗ ಬೆಂಗಳೂರಿನ ಒಂದು ದಿನವನ್ನು ನೆನೆಯೋಣ. ಹಿಟ್ಲರನ ಕಾಲದಲ್ಲಿ ಯೂರೋಪನ್ನು ಬಿಟ್ಟು ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಸಂಗೀತಗಾರನು ಶಿವರಂಜಿನಿಯ ಛಾಯೆಯಲ್ಲಿ ರಚಿಸಿದ ಸಂಕೇತರಾಗದಿಂದ ಬೆಳಗಿನ ಪ್ರಸಾರ ಆರಂಭವಾಗುತ್ತಿತ್ತು. ಆಮೇಲೆ ಮಂಗಳವಾದ್ಯ, ಭಕ್ತಿಗೀತೆ, ವಾರ್ತೆ. ನಡುಹಗಲಿನಲ್ಲಿ ಸ್ತ್ರೀಯರಿಗಾಗಿ ಮಾತುಕತೆ. ಸಂಜೆ ಗ್ರಾಮಸ್ಥರಿಗೆ ಬೆಳೆ, ಹವೆ, ಪೇಟೆಧಾರಣೆಗಳ ಸುದ್ದಿ. ರಾತ್ರಿ ವಿದ್ವಾಂಸರ ಭಾಷಣ, ನಾಟಕ, ಸಂಗೀತ ಕಚೇರಿ.

ಈ ಏರ್ಪಾಡಿನಲ್ಲಿ ಅಡಗಿರುವ ಒಂದು ಊಹೆಯನ್ನು ಗಮನಿಸಬೇಕು. ಮಧ್ಯಾಹ್ನ ಅಡುಗೆಯ ಕೆಲಸ ಮುಗಿಸಿದ ಗೃಹಿಣಿಯು ಮನೆಯಲ್ಲಿ ಕುಳಿತು ಕೇಳುವಳೆಂಬುದೇ ಆ ಊಹೆ. ಬಸವನಗುಡಿಯ ಮನೆಗೋ ಮಲ್ಲೇಶ್ವರದ ಮನೆಗೋ ಅದು ಸರಿಯಾದೀತು. ತರಕಾರಿಯ ಪಾತಿಗೆ ನೀರು ಕಟ್ಟುವ, ಕಳೆ ಕೀಳುವ ಹೆಂಗಸಿಗೆ ಆ ಹೊತ್ತು ದುಡಿಮೆಯ ನಡುಹೊತ್ತು. ಅವಳಿಗೆ ಬಿಡುವಾಗುವ ಸಂಜೆಯಲ್ಲಿ ಬೇಸಾಯದ ಮಾತು ಬರುತ್ತಿದ್ದುದೇನೋ ನಿಜ. ಆದರೆ ಆ ಮಾತು ಬಹುಮಟ್ಟಿಗೆ ಅವಳ ಗಂಡನನ್ನು ಉದ್ದೇಶಿಸಿದುದು. ಹೀಗೆ ಹೊಲದ ಹೆಂಗಸಿಗೆ ಗೃಹಿಣಿಯರ ಹೊತ್ತೂ ಇಲ್ಲ, ರೈತರ ಹೊತ್ತೂ ಇಲ್ಲ.

ಅದೂ ಯಂತ್ರವಿದ್ದರೆ ತಾನೆ! ಅಂದು ರೇಡಿಯೋ ಕೊಳ್ಳುವುದು ಎಲ್ಲರ ಕೈಗೆ ಎಟುಕುವ ಸಂಗತಿಯಾಗಿರಲಿಲ್ಲ. ಕೊಂಡ ಮೇಲೆ ಅಂಚೆಕಚೇರಿಗೆ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ವಿದ್ಯುತ್ತು ಬಾರದ ಹಳ್ಳಿಯಲ್ಲಿ ಬ್ಯಾಟರಿಯನ್ನು ನಂಬಬೇಕಾಗಿತ್ತು. ಹೊರಮಾವಿನ ನೆರೆಯಲ್ಲಿ ೧೯೪೮ರಷ್ಟು ಹಿಂದೆಯೇ ದೂರವಾಣಿ ಕಾರ್ಖಾನೆ ಸ್ಥಾಪಿತವಾಗಿ, ದೂರವಾಣಿನಗರವೆಂಬ ಊರೇ ಎದ್ದುದು ವಿಧಿಯ ವಿನೋದವೆನ್ನಬೇಕು. ತಂತಿಯ ಮೇಲೆ ಮಾತು ಸಾಗಿಸುವ ಯಂತ್ರ ಪಕ್ಕದಲ್ಲೇ ತಯಾರಾಗುತ್ತಿರುವಾಗ, ತಂತಿಯಿಲ್ಲದೆ ಬರುವ ಮಾತನ್ನು ಬಡವನು ಊರಿನ ಸಾರ್ವಜನಿಕ ರೇಡಿಯೋದ ಮುಂದೆಯೋ ಉಳ್ಳವರ ಜಗಲಿಯ ಕೆಳಗೋ ನಿಂತು ಕೇಳಬೇಕಾಗಿತ್ತು.

ಈ ಅಂತರವನ್ನು ಕಡಮೆ ಮಾಡಿದುದು ಟ್ರಾನ್ಸಿಸ್ಟರು. ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೦ರ ದಶಕದ ಮೊದಲಲ್ಲಿ ಆ ಪುಟ್ಟ ಬಿಡಿಭಾಗಗಳನ್ನು ತಯಾರಿಸತೊಡಗಿತು. ಕಾದು ಬಿಸಿಯಾಗಬೇಕಾದ ವಾಲ್ವುಗಳ ಪೆಟ್ಟಿಗೆಯ ಬದಲು, ಸಣ್ಣ ಬ್ಯಾಟರಿಯಿಂದ ನುಡಿಯುವ ಯಂತ್ರ ಬದುವಿನ ಮೇಲೆ ಬಂದು ಕುಳಿತಿತು. ಕಾರ್ಯಕ್ರಮದ ಹೊತ್ತು ಬದಲಾಗದಿದ್ದರೂ ಕೇಳುವ ತಾಣ ಬದಲಾಯಿತು. ನಡುಹಗಲಿನ ಮಾತನ್ನು ಹೊಲದಲ್ಲಿದ್ದವಳೂ ಕೇಳುವಂತಾಯಿತು.

ಬಾನುಲಿಯ ದೊಡ್ಡತನವನ್ನು ವಾಟುಗಳಿಂದ ಅಳೆಯುವುದು ರೂಢಿ. ಅದು ಯಾರ ಬಿಡುವನ್ನು ಬಿಡುವೆಂದು ಗಣಿಸಿತು ಎಂಬುದರಿಂದಲೂ ಅಳೆಯಬೇಕೆಂದು ನಮಗೆ ತೋರುತ್ತದೆ. ಅಳೆಯಲು ಸಾಧನಗಳು ಮಾತ್ರ ಕೊಂಚವೇ ಉಳಿದಿವೆ. ಧ್ವನಿಮುದ್ರಣ ವಿರಳವಾಗಿದ್ದ ಆ ವರ್ಷಗಳಲ್ಲಿ ಆಡಿದ ಮಾತು ಆಡಿದೊಡನೆ ಮುಗಿಯುತ್ತಿತ್ತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಭಾಷಣದ ಹಸ್ತಪ್ರತಿಯೋ, ಕಾರ್ಯಕ್ರಮಗಳ ಪಟ್ಟಿಯೋ, ರೇಡಿಯೋ ಪರವಾನಗಿಯ ಪುಸ್ತಕವೋ ದೊರೆತರೆ ರದ್ದಿಗೆ ಹಾಕದಿರಿ. ಮನೆಯ ಹಿರಿಯರು ಅದನ್ನು ಎಲ್ಲಿ ನಿಂತು ಕೇಳುತ್ತಿದ್ದರೆಂಬುದನ್ನೂ ಒಮ್ಮೆ ವಿಚಾರಿಸಿ ಬರೆದಿಡಿ. ನಿಲಯದಲ್ಲಿ ಏನನ್ನು ನುಡಿದರೆಂಬುದು ಆ ಕಾಗದಗಳಿಂದ ತಿಳಿದೀತು. ಹೊರಮಾವಿನಂಥ ಊರಿಗೆ ಅದು ಮುಟ್ಟಿತೇ ಎಂಬುದನ್ನು ಕೇಳಿದವರೇ ಹೇಳಬೇಕು.