ಹೆಬ್ಬೆಟ್ಟಿನ ಚರಿತ್ರೆ

ಹೆಬ್ಬೆಟ್ಟಿಗೂ ಒಂದು ಚರಿತ್ರೆಯಿದೆ. ಇಷ್ಟು ದಿನ ಅದನ್ನು ಬರೆದವರು ಒತ್ತಿಸಿಕೊಂಡವರು. ಒತ್ತಿದವರ ಮಕ್ಕಳು ನಾವು ಈಗ ಅಕ್ಷರ ಕಲಿತಿದ್ದೇವೆ, ನಾವೇ ಬರೆಯೋಣ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅಲೆಮಾರಿಯಾಗಿ ಹುಟ್ಟಿದ್ದೇ ಅಪರಾಧವಾಯಿತು. ಪೊಲೀಸರ ಪಟ್ಟಿಯಲ್ಲಿ ಹೆಸರು ಬಿತ್ತು. ಸರ್ಕಾರದ ಆ ಘೋಷಣೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿರಲಿಲ್ಲ. ಮೊದಲು ಉತ್ತರ ಭಾರತದಲ್ಲಿದ್ದ ಈ ಕಾನೂನು 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿತು, ಬೆರಳಚ್ಚು ತಗೊಳ್ಳೋ ಅಧಿಕಾರವನ್ನೂ ಕೊಟ್ಟಿತು. ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು, ಊರು ಬಿಟ್ಟರೆ ತಿಳಿಸಿ ಹೋಗಬೇಕು. ಅವರನ್ನು ಕೂಡಿಹಾಕಿದ ಜಾಗಗಳಿಗೆ ಹುಬ್ಬಳ್ಳಿ, ಗದಗಿನಲ್ಲಿ 'ಸೆಟ್ಲಮೆಂಟ್' ಅನ್ನೋ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ.

ಬೆರಳು ಮತ್ತೆ ಕೇಳಿದ್ದು 2017ರಲ್ಲಿ. ಈ ಸಲ ಒಂದು ಜಾತಿಯದಲ್ಲ, ಎಲ್ಲರದು. ಮಾರ್ಚ್ 23ರಂದು ದೂರಸಂಪರ್ಕ ಇಲಾಖೆ ಸುತ್ತೋಲೆ ಹೊರಡಿಸಿತು: ಮೊಬೈಲ್ ಇರುವವರೆಲ್ಲ ತಮ್ಮ ನಂಬರನ್ನು ಆಧಾರ್ ಮೂಲಕ ಮತ್ತೆ ದೃಢಪಡಿಸಬೇಕು, 2018ರ ಫೆಬ್ರವರಿ 6ರೊಳಗೆ. ಕೂಲಿಯವನಿಗೆ ಕೆಲಸದ ಕರೆ ಬರೋದೇ ಮೊಬೈಲಿಗೆ; ಸಿಮ್ ಬಂದಾದರೆ ಒಲೆಯೂ ಬಂದ್. ಕಲ್ಲು ಒಡೆದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಅವನು ಅವನೇ ಅಲ್ಲ!

ಕಳ್ಳ ಸಿಮ್ ತಡೀಬೇಕು ಅಂದರು. ತಡೀಲಿ, ಯಾರು ಬೇಡ ಅಂದರು? ಕೆಲವು ಕಳ್ಳರಿಗಾಗಿ ಕೋಟಿ ಕೋಟಿ ಜನರ ಬೆರಳು ಯಾಕೆ?

ಖಾಸಗಿತನ ಬಂಗಲೆಯವರ ಚಿಂತೆ, ಗುಡಿಸಲಿಗೆಂಥ ಗುಟ್ಟು ಅಂತ ನಗುವವರಿದ್ದಾರೆ. ಪೊಲೀಸರು ಹೊತ್ತಲ್ಲದ ಹೊತ್ತಿನಲ್ಲಿ ಯಾರ ಗುಡಿಸಲಿಗೆ ನುಗ್ಗಿದ್ದರೋ ಅವರನ್ನು ಕೇಳಿ, ಬಾಗಿಲಿನ ಬೆಲೆ ಹೇಳುತ್ತಾರೆ. ಸಂಘ ಕಟ್ಟುವವನು ಯಾರ್ಯಾರಿಗೆ ಕರೆ ಮಾಡಿದ ಅನ್ನೋ ಲೆಕ್ಕ ಯಾರಿಗೆ ಬೇಕು? ಜೀತದಾಳಿಗಲ್ಲ, ಧಣಿಗೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲೇ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರ ಸೆಪ್ಟೆಂಬರ್ 26ರಂದು ಸಿಮ್ ಸುತ್ತೋಲೆ ಬಿದ್ದುಹೋಯಿತು. ಆಧಾರ್ ಮಾತ್ರ ಉಳಿಯಿತು.

ಗೆದ್ದೆವೆಂದು ಮಲಗುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 3ನೇ ಕಲಮಿನಲ್ಲಿ ಬಯೋಮೆಟ್ರಿಕ್ ಗುರುತು ಮತ್ತೆ ಬಂದು ಕೂತಿದೆ. ಮೇಷ್ಟ್ರುಗಳೇ, ಗೆಳೆಯರೇ, ಕೇರಿಯ ಮಕ್ಕಳಿಗೆ ಸಹಿ ಕಲಿಸಿದರೆ ಸಾಲದು. ಬೆರಳಿಡುವ ಮುಂಚೆ ಎರಡು ಮಾತು ಕೇಳಲು ಕಲಿಸಿ: ಈ ಪಟ್ಟಿ ಯಾರ ಕೈಯಲ್ಲಿರುತ್ತೆ? ಇದನ್ನು ಪ್ರಶ್ನಿಸೋಕೆ ನಮಗೊಂದು ಕೋರ್ಟಿದೆಯಾ?