ನವಿಲಿನ ಬಣ್ಣ, ಮರಿಯ ಗುಟ್ಟು: ಮೂರೂವರೆ ಶತಮಾನದ ಹುಡುಕಾಟ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತರಿಗೆ ನವಿಲು ಅಪರೂಪದ ಹಕ್ಕಿಯೇನಲ್ಲ. ಬಿತ್ತಿದ ಶೇಂಗಾ ಕೆದರಲು, ಕಾಳುಗಟ್ಟಿದ ಸಜ್ಜೆ-ಜೋಳ ಕುಕ್ಕಲು ತಪ್ಪದೆ ಹಾಜರಾಗುತ್ತದೆ. ಗಂಗಾವತಿ ಕಡೆ ಗುಡ್ಡದ ಸೆರಗಿನಿಂದ ಭತ್ತದ ಗದ್ದೆಗೂ ಇಳಿಯುತ್ತದೆ. ನಮ್ಮ ಹೊಲಗಳಿಗೆ ಬರುವುದು ನೀಲಿ ಕೊರಳಿನ ನವಿಲು. ಆದರೆ ಇದೇ ಜಾತಿಯಲ್ಲಿ ಬಿಳಿ, ಬಿಳಿಮಚ್ಚೆ, ಕಪ್ಪು ರೆಕ್ಕೆ, ಕಂದು, ನೇರಳೆ ಬಣ್ಣದ ತಳಿಗಳನ್ನು ಹೊರದೇಶದ ಸಾಕಣೆದಾರರು ಬೆಳೆಸಿದ್ದಾರೆ. ಈ ಬಣ್ಣಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ಕಂತುಕಂತಾಗಿ ಸಿಕ್ಕಿದೆ.

ಮೊದಲ ಕಂತು ಬೆಳಕಿನದು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ನವಿಲುಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಗರಿಯನ್ನು ನೀರಿನಲ್ಲಿ ನೆನೆಸಿದರೆ ಅದರ ಹೊಳಪು ಹೋಗುತ್ತದೆ ಎಂಬುದನ್ನು ಗಮನಿಸಿದ. ಅಂದಮೇಲೆ ಅದು ಬಳಿದ ಬಣ್ಣವಲ್ಲ, ಬೆಳಕಿನ ಆಟ. 1704ರಲ್ಲಿ ನ್ಯೂಟನ್ ಕೂಡ ಇದೇ ಜಾಡಿನಲ್ಲಿ ಯೋಚಿಸಿದ. 1934ರಲ್ಲಿ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಹಕ್ಕಿಗಳ ಗರಿಯ ಬಣ್ಣದ ಮೂಲ ಕುರಿತು ಪ್ರಬಂಧ ಬರೆದರು. ಅವರು ಪರೀಕ್ಷೆಗೆ ಎತ್ತಿಕೊಂಡದ್ದು ನಮ್ಮ ರಾಜ್ಯಪಕ್ಷಿ ನೀಲಕಂಠದ ಗರಿಯನ್ನು. 2003ರಲ್ಲಿ ಚೀನಾದ ವಿಜ್ಞಾನಿಗಳು ನವಿಲುಗರಿಯ ಒಳಗುಟ್ಟು ಬಿಡಿಸಿದರು. ಗರಿಯ ಅತಿ ಸಣ್ಣ ಎಳೆಗಳಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ್ರವ್ಯದ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿವೆ. ಅವುಗಳ ನಡುವಿನ ಅಂತರ ಸುಮಾರು 140 ನ್ಯಾನೊಮೀಟರ್ ಇದ್ದಲ್ಲಿ ನೀಲಿ, 150 ಇದ್ದಲ್ಲಿ ಹಸಿರು, 165 ಇದ್ದಲ್ಲಿ ಹಳದಿ ಕಾಣುತ್ತದೆ. ಬಿಳಿ ನವಿಲಿನ ಮರ್ಮವೂ ಇಲ್ಲೇ ಇದೆ. ನೀಲಿಗೆ ಬೇರೆ ಬಣ್ಣದ್ರವ್ಯವೇ ಇಲ್ಲ. ಮೆಲನಿನ್ ಇಲ್ಲದಿದ್ದರೆ ಜಾಲರಿಯೂ ಇಲ್ಲ, ಹಸಿರು-ನೀಲಿಯೂ ಇಲ್ಲ. ಬಿಳಿ ನವಿಲಿನ ಕಣ್ಣು ಮಾತ್ರ ಕೆಂಪಾಗಿರುವುದಿಲ್ಲ. ಹಾಗಾಗಿ ಮೈಸೂರಿನ ಮೃಗಾಲಯದಲ್ಲಿ ಜನ ಮುಗಿಬಿದ್ದು ನೋಡುವ ಬಿಳಿ ನವಿಲು ‘ಆಲ್ಬಿನೊ’, ಅಂದರೆ ಕಣ್ಣಿನಲ್ಲೂ ಮೆಲನಿನ್ ಇಲ್ಲದ ಹಕ್ಕಿ, ಅಲ್ಲ.

ಎರಡನೆಯ ಕಂತು ಜಾತಿಯ ಜಗಳ. ಕಪ್ಪು ರೆಕ್ಕೆಯ ನವಿಲನ್ನು ಕಂಡ ಇಂಗ್ಲೆಂಡಿನ ಪಕ್ಷಿತಜ್ಞ ಸ್ಕ್ಲೇಟರ್ 1860ರಲ್ಲಿ ಅದಕ್ಕೆ ಹೊಸ ಜಾತಿಯ ಪಟ್ಟ ಕಟ್ಟಿದರು. ಡಾರ್ವಿನ್ ಒಪ್ಪಲಿಲ್ಲ. ಮಾಮೂಲಿ ನವಿಲುಗಳ ಹಿಂಡಿನಲ್ಲೇ ಇಂಥವು ಇದ್ದಕ್ಕಿದ್ದಂತೆ ಹುಟ್ಟಿದ ನಿದರ್ಶನಗಳನ್ನು ಕಲೆಹಾಕಿ, ಇದು ಬರೀ ಮಾರ್ಪಾಡು ಎಂದು 1868ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಮುಂದಿನ ಸಂಶೋಧನೆ ಅವರ ಪರವಾಗಿಯೇ ನಿಂತಿತು.

ಮೂರನೆಯ ಕಂತು ಆನುವಂಶಿಕತೆಯದು. ಮರಿಗಳು ಮುಂದೆ ಬರುವುದು ಇಲ್ಲೇ. 1960ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ತಿಳಿಗಂದು ಬಣ್ಣದ ‘ಕ್ಯಾಮಿಯೊ’ ನವಿಲು ಕಾಣಿಸಿತು. ಈ ಬಣ್ಣದ ಜೀನ್ ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿದೆ. ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಹಾಗಾಗಿ ಕ್ಯಾಮಿಯೊ ಗಂಡಿಗೂ ನೀಲಿ ತಳಿಯ ಹೆಣ್ಣಿಗೂ ಹುಟ್ಟುವ ಹೆಣ್ಣುಮರಿಗಳೆಲ್ಲ ಕ್ಯಾಮಿಯೊ, ಗಂಡುಮರಿಗಳೆಲ್ಲ ನೀಲಿ. ಸಂಶೋಧಕರಾದ ಸೋಮ್ಸ್ ಮತ್ತು ಬರ್ಗರ್ 1991ರಲ್ಲಿ ಕಪ್ಪು ರೆಕ್ಕೆ, ಕ್ಯಾಮಿಯೊ ಬಣ್ಣಗಳ ಲೆಕ್ಕವನ್ನೂ 1993ರಲ್ಲಿ ಬಿಳಿ ಮತ್ತು ಬಿಳಿಮಚ್ಚೆಯ ಲೆಕ್ಕವನ್ನೂ ಪ್ರಕಟಿಸಿದರು. ಬಿಳಿಮಚ್ಚೆಯ ಜೋಡಿ ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಅಚ್ಚ ಬಿಳಿ, ಎರಡು ಮಚ್ಚೆ, ಇನ್ನೊಂದು ಹೆಚ್ಚುಕಡಿಮೆ ನೀಲಿ.

ಮರಿಯನ್ನು ನೋಡಿ ಬಣ್ಣ ಹೇಳುವುದು ಮಾತ್ರ ಸುಲಭವಲ್ಲ. ಹೆಣ್ಣು ನವಿಲು ಪೊದೆಯ ಮರೆಯಲ್ಲಿ ನೆಲ ಕೆದರಿ ನಾಲ್ಕಾರು ಮೊಟ್ಟೆ ಇಟ್ಟು, ಸುಮಾರು 28 ದಿನ ಕಾವು ಕೊಡುತ್ತದೆ. ಮಾಮೂಲಿ ಮರಿ ಒಣಹುಲ್ಲಿನ ಕಂದು ಬಣ್ಣದ್ದು. ಮೊಟ್ಟೆಯೊಡೆದು ಬರುವಾಗಲೇ ರೆಕ್ಕೆಯ ಗರಿ ಮೂಡಿರುತ್ತದೆ. ಬಿಳಿ ನವಿಲಿನ ಮರಿ ಹಳದಿ. ಕಪ್ಪು ರೆಕ್ಕೆಯ ತಳಿಯ ಮರಿಯೂ ಕೆನೆ-ಹಳದಿಯೇ! ಬೆಳೆದಂತೆ ಗಂಡು ಕಪ್ಪಾಗುತ್ತ ಹೋಗುತ್ತದೆ, ಹೆಣ್ಣು ಕಪ್ಪು ಚುಕ್ಕೆಗಳೊಂದಿಗೆ ಮಾಸಲು ಬಿಳಿಯಾಗಿಯೇ ಉಳಿಯುತ್ತದೆ. ಗಂಡಿಗೆ ಪೂರ್ತಿ ಸೋಗೆ ಬರಲು ಮೂರ್ನಾಲ್ಕು ವರ್ಷ ಬೇಕು.

ಪಂಜರದಲ್ಲಿ ಇಷ್ಟೊಂದು ಬಣ್ಣ ಉಳಿದು, ಬಯಲಿನಲ್ಲಿ ಉಳಿಯದಿರುವುದಕ್ಕೆ ಕಾರಣವೂ ಮರಿಯಲ್ಲೇ ಇದೆ. ಕಂದು ಮರಿ ಬದುವಿನ ಹುಲ್ಲಿನಲ್ಲಿ ಕುಕ್ಕರಿಸಿದರೆ ಮುಂಗುಸಿ, ನರಿ, ಹದ್ದಿನ ಕಣ್ಣಿಗೆ ಸುಲಭಕ್ಕೆ ಬೀಳದು. ಹಳದಿ ಮರಿಗೆ ಆ ಮರೆ ಇಲ್ಲ. ಸಾಕಣೆದಾರ ಬೇಲಿ ಕಟ್ಟಿ, ಬೇಕಾದ ಜೋಡಿ ಆರಿಸಿ, ಆ ಬಣ್ಣವನ್ನು ಕಾಪಾಡುತ್ತಾನೆ. ಆದ್ದರಿಂದ ಬಣ್ಣದ ತಳಿಗಳ ಪಟ್ಟಿ ಎಷ್ಟೇ ಉದ್ದವಾದರೂ ಅದು ಮನುಷ್ಯನ ಆಯ್ಕೆಯ ಚರಿತ್ರೆ. ನವಿಲಿನ ಚರಿತ್ರೆ ಬಯಲಿನಲ್ಲಿದೆ.

ಆ ಬಯಲಿನ ಲೆಕ್ಕ ಇತ್ತೀಚಿನ ಕಂತು. ದೇಶದ ಹಕ್ಕಿಗಳ ಸ್ಥಿತಿ ಕುರಿತ 2023ರ ವರದಿಯ ಪ್ರಕಾರ ಎರಡು ದಶಕಗಳಲ್ಲಿ ನವಿಲು ಶೇ 150ರಷ್ಟು ಹೆಚ್ಚಿದೆ. ರಾಜ್ಯದಲ್ಲಿ ನಾಗಮಂಗಲದ ಆದಿಚುಂಚನಗಿರಿ, ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆ ನವಿಲಿಗೆಂದೇ ಮೀಸಲಾದವು. ಗಂಗಾವತಿ ಭಾಗದ ಇನ್ನೊಂದು ಬಂಕಾಪುರದಲ್ಲಿ ತೋಳಗಳಿಗಾಗಿ ಉಳಿಸಿಕೊಂಡ ಕುರುಚಲು ಕಾಡಿನಲ್ಲಿ ನವಿಲಿಗೂ ಆಸರೆಯಿದೆ. ಹೆಚ್ಚಿದ ನವಿಲಿನಿಂದ ಬೆಳೆಹಾನಿಯಾಗುವುದೂ ನಿಜ. ರೈತರ ಆ ದೂರನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ವಿಷದ ಕಾಳು ಮದ್ದಲ್ಲ.

1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಕುಂಟೆ ಹೊಡೆಯುವಾಗ ಸಿಕ್ಕ ಮೊಟ್ಟೆಯನ್ನು ಕೋಳಿಯ ಕಾವಿಗೆ ಇಡುವುದು, ಮರಿ ಹಿಡಿದು ಸಾಕುವುದು ಎರಡೂ ಅಪರಾಧ. ಮುಂಗಾರಿನಲ್ಲಿ ನಿಮ್ಮ ಹೊಲದ ಬದುವಿನಲ್ಲಿ ಗೂಡು ಕಂಡರೆ ಅಷ್ಟು ಜಾಗ ಬಿಟ್ಟು ಉಳಿದದ್ದು ಹರಗಿ. ಹಿಂಡಿನಲ್ಲಿ ಹಳದಿ ಅಥವಾ ಬಿಳಿಮಚ್ಚೆಯ ಮರಿ ಕಂಡರೆ ದೂರದಿಂದಲೇ ಒಂದು ಫೋಟೊ ತೆಗೆದು, ದಿನಾಂಕ, ಊರು ಬರೆದಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ.