ಕಾರಿನ ಗಾಜಿನ ದೂರಿಗೆ ನೂರು ವರ್ಷ

ಆಸಾಡಿ ಮಳೆಯಲ್ಲಿ ಶಿರೂರಿನಿಂದ ಬೈಂದೂರು, ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಕಾರು ಓಡಿಸುವವರ ದೂರು ಒಂದೇ: ಎದುರು ಸರಿಯಾಗಿ ಕಾಣುವುದಿಲ್ಲ. ವೈಪರ್ ಗೆರೆ ಬಿಡುತ್ತದೆ. ಒಳಗಿನಿಂದ ಗಾಜಿಗೆ ಮಬ್ಬು ಹಿಡಿಯುತ್ತದೆ. ಮರವಂತೆಯಲ್ಲಿ ಕಡಲ ಉಪ್ಪುಗಾಳಿ ಗಾಜಿನ ಮೇಲೆ ಪದರ ಕಟ್ಟುತ್ತದೆ. ಲಾರಿ ಚಕ್ರದಿಂದ ಸಿಡಿದ ಜಲ್ಲಿ ಬಿರುಕು ಬಿಡಿಸುತ್ತದೆ. ಹೇಳಿಕೊಂಡರೆ "ಎಲ್ಲ ಗಾಡಿಯೂ ಹೀಗೇ" ಎಂಬ ಉತ್ತರ. ಈ ಉತ್ತರವನ್ನು ಒಪ್ಪದವರಿಂದಲೇ ಇವತ್ತಿನ ಗಾಜು, ಇವತ್ತಿನ ಕಾನೂನು ಬಂದಿವೆ.

ಮೊದಲ ಕಾರುಗಳಿಗೆ ಮುಂದಿನ ಗಾಜೇ ಇರಲಿಲ್ಲ. ಆಮೇಲೆ ಹಾಕಿದ್ದು ಮನೆಯ ಕಿಟಕಿಗೆ ಹಾಕುವಂಥ ಗಾಜು. ಹಿಮ ಬೀಳುವಾಗ ನ್ಯೂಯಾರ್ಕಿನ ಟ್ರಾಮ್ ಚಾಲಕ ಪಡುವ ಪಾಡು ನೋಡಿದ ಮೇರಿ ಆಂಡರ್ಸನ್ ಎಂಬ ಮಹಿಳೆ, ಒಳಗಿನಿಂದ ಕೈಯಲ್ಲಿ ತಿರುಗಿಸುವ ವೈಪರ್ ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದರು. ಕೊಳ್ಳುವ ಕಂಪನಿ ಸಿಗಲಿಲ್ಲ. ಅವರಿಗೆ ಅದರಿಂದ ಕಾಸೂ ಬರಲಿಲ್ಲ. ಇಂದು ವೈಪರ್ ಇಲ್ಲದ ಕಾರು ರಸ್ತೆಗಿಳಿಯುವಂತಿಲ್ಲ. ವೈಪರ್ ಕೈಕೊಟ್ಟಾಗ ಬೀಡಿಯ ಹೊಗೆಸೊಪ್ಪನ್ನು ಗಾಜಿಗೆ ಉಜ್ಜಿ ಮಳೆ ದಾಟುವುದು ಹಳೆಯ ಡ್ರೈವರ್‌ಗಳ ಉಪಾಯವಾಗಿತ್ತು.

ಅದೇ ಕಾಲದಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರ ಕೈಯಿಂದ ಗಾಜಿನ ಬಾಟಲಿ ಬಿದ್ದು ಒಡೆಯಿತು, ಆದರೆ ಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿ ಅಂಟಿದ್ದ ರಾಸಾಯನಿಕದ ಪೊರೆ ಚೂರುಗಳನ್ನು ಹಿಡಿದಿತ್ತು. ಎರಡು ಗಾಜಿನ ನಡುವೆ ಪೊರೆಯಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಹುಟ್ಟಿದ್ದು ಹೀಗೆ.

ಇನ್ನು ದೂರಿನ ಕಥೆ. 1930ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ಯಾಕ್ಸ್ಟರ್ ಎಂಬವರು ಫೋರ್ಡ್ ಕಾರು ಕೊಂಡರು. ಅದರ ಗಾಜು ಪುಡಿಯಾಗುವುದಿಲ್ಲ ಎಂದು ಕಂಪನಿಯ ಪ್ರಚಾರ ಪುಸ್ತಿಕೆಯಲ್ಲಿತ್ತು. ಕೆಲವೇ ತಿಂಗಳಲ್ಲಿ ಇನ್ನೊಂದು ಕಾರಿನ ಚಕ್ರದಿಂದ ಹಾರಿದ ಸಣ್ಣ ಕಲ್ಲು ಬಡಿದು ಗಾಜು ಒಡೆಯಿತು. ಚೂರು ಹೊಕ್ಕು ಅವರ ಎಡಗಣ್ಣು ಹೋಯಿತು. ಕಾರು ಮಾರಿದ್ದು ಡೀಲರ್, ನಮಗೂ ಗ್ರಾಹಕನಿಗೂ ಕರಾರಿಲ್ಲ ಎಂಬುದು ಕಂಪನಿಯ ವಾದ. ಕೆಳಗಿನ ಕೋರ್ಟಿನಲ್ಲಿ ಬ್ಯಾಕ್ಸ್ಟರ್ ಸೋತರು. 1932ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು: ಗಾಜು ಎಂಥದ್ದೆಂದು ಸಾಮಾನ್ಯ ಗ್ರಾಹಕ ನೋಡಿ ತಿಳಿಯಲಾರ, ಹಾಗಾಗಿ ಕೊಟ್ಟ ಮಾತಿಗೆ ತಯಾರಕರೇ ಹೊಣೆ.

ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಸುರಕ್ಷಾ ಗಾಜನ್ನು ಕಡ್ಡಾಯ ಮಾಡಿತು. 1993ರ ತಿದ್ದುಪಡಿಯಾಗಿ ಮೂರು ವರ್ಷದ ನಂತರ ತಯಾರಾದ ಕಾರುಗಳಿಗೆ ಮುಂದೆ ಲ್ಯಾಮಿನೇಟೆಡ್ ಗಾಜೇ ಬೇಕಾಯಿತು. ಕಾರಣವಿದೆ. ಬದಿಗೆ ಹಾಕುವ ಟಫನ್ಡ್ ಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಇಡೀ ಹರಳಾಗುತ್ತದೆ. ಅದೇ ಗಾಜು ಮುಂದೆ ಇದ್ದು ಓಡುವಾಗ ಒಡೆದರೆ ಆ ಕ್ಷಣಕ್ಕೆ ರಸ್ತೆಯೇ ಮಾಯ. ಲ್ಯಾಮಿನೇಟೆಡ್ ಆದರೆ ಬಿರುಕು ಬಿಟ್ಟರೂ ನಿಲ್ಲುತ್ತದೆ, ಗಾಡಿ ಬದಿಗೆ ಹಾಕುವಷ್ಟು ಕಾಣುತ್ತದೆ.

ಮತ್ತೊಂದು ತಕರಾರು ಬಿಸಿಲಿನದು. ಸಂಜೆ ಬೈಂದೂರಿನಿಂದ ಕುಂದಾಪುರಕ್ಕೆ ಬರುವಾಗ ಕಡಲು ಬಲಕ್ಕೆ, ಅಂದರೆ ಡ್ರೈವರ್ ಬದಿಗೇ. ಬಿಸಿಲು ಕೆನ್ನೆಗೆ ಬಡಿಯುತ್ತದೆ. ಅದಕ್ಕೆ ಜನ ಕಪ್ಪು ಫಿಲ್ಮ್ ಅಂಟಿಸಿದರು. ಒಳಗೆ ಏನು ನಡೆಯುತ್ತದೆಂದು ಕಾಣದ ಕಾರುಗಳಲ್ಲಿ ಅಪರಾಧ ನಡೆಯುತ್ತಿವೆ ಎಂದು ಅವಿಷೇಕ್ ಗೋಯೆಂಕಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಏಪ್ರಿಲ್ 27ರಂದು ಕೋರ್ಟ್ ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಬದಿಯದರಲ್ಲಿ ಶೇ. 50 ಬೆಳಕು ಹಾಯಬೇಕು, ಅದೂ ಕಾರ್ಖಾನೆಯಲ್ಲೇ ಆಗಿರಬೇಕು ಎಂದಿತು. ಮುಂದೆ 100ನೇ ನಿಯಮಕ್ಕೇ ತಿದ್ದುಪಡಿಯಾಯಿತು. ಅದನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್, ಈ ಪ್ರಮಾಣಕ್ಕೆ ಒಳಪಟ್ಟ ಫಿಲ್ಮ್ ಹಾಕಬಹುದು ಎಂದಿದೆ. ಕಡುಕಪ್ಪು ಫಿಲ್ಮ್‌ಗೆ ಅಲ್ಲೂ ಜಾಗವಿಲ್ಲ.

ಬ್ಯಾಕ್ಸ್ಟರ್ ಕಣ್ಣು ಕೊಟ್ಟು ಗೆದ್ದ ಹಕ್ಕು ನಮಗೆ ಕಾಗದದಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿನಿಂದಾದ ಹಾನಿಗೆ ತಯಾರಕರೂ ಹೊಣೆ. ಶೋರೂಂ ಮಂಗಳೂರಿನಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ, ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ ಎರಡು ವರ್ಷದ ಅವಧಿಯಿದೆ. ಹೊಟ್ಟೆಪಾಡಿಗೆ ಸ್ವತಃ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ.

ಹಾಗಾಗಿ ಹೊಸ ಕಾರಿನ ಗಾಜಿನಲ್ಲಿ ರಸ್ತೆ ಅಲೆಅಲೆಯಾಗಿ ಕಂಡರೆ, ಪೆಟ್ಟಿಲ್ಲದೆ ಬಿರುಕು ಬಿಟ್ಟರೆ ಬಾಯಿಮಾತಿನಲ್ಲಿ ಬಿಡಬೇಡಿ. ಫೋಟೊ ತೆಗೆಯಿರಿ, ಗಾಜಿನ ಮೂಲೆಯ ಮುದ್ರೆಯದೂ ಇರಲಿ. ದೂರನ್ನು ಬರೆದು ಕೊಟ್ಟು, ತಲುಪಿದ ಗುರುತಿನೊಂದಿಗೆ ಒಂದು ಪ್ರತಿ ಇಟ್ಟುಕೊಳ್ಳಿ. "ಎಲ್ಲ ಗಾಡಿಯೂ ಹೀಗೇ" ಎಂದವರ ಹತ್ತಿರ ಆ ಮಾತನ್ನೂ ಬರೆದು ಕೊಡಲು ಕೇಳಿ.